ಕಾಪರ್-ಟಿ ಹಾಕಿಸಿಕೊಳ್ಳಬಹುದೇ? ಜೈನ ಕುಟುಂಬಗಳು ತಿಳಿದಿರಬೇಕಾದ ವಿಷಯ

ಬಾಣಂತನ ಮುಗಿಸಿಕೊಂಡು ತವರಿನಿಂದ ಗಂಡನ ಮನೆಗೆ ಹಿಂದಿರುಗುವ ಹೊತ್ತಿಗೆ ಯುವ ದಂಪತಿಗಳ ಮುಂದೆ ಒಂದು ಪ್ರಶ್ನೆ ಇರುತ್ತದೆ. ಎರಡನೆಯ ಮಗು ಯಾವಾಗ, ಅಲ್ಲಿಯವರೆಗೆ ಏನು ಮಾಡುವುದು? ಬೆಂಗಳೂರು, ಹುಬ್ಬಳ್ಳಿಯಂತಹ ಊರುಗಳಲ್ಲಿ ಗುರುತು ಪರಿಚಯ ಇಲ್ಲದ ವೈದ್ಯರ ಬಳಿ ಹೋಗಿ ಕೇಳಬಹುದು. ದರೋಜಿ, ಸಂಡೂರು, ಕಂಪ್ಲಿ ಕಡೆ ಹಾಗಲ್ಲ. ಮುಂದೆ ಅಂಗಡಿ, ಹಿಂದೆ ಮನೆ. ಎದುರು ಮನೆಯವರೇ ಆಶಾ ಕಾರ್ಯಕರ್ತೆ. ಆಸ್ಪತ್ರೆಗೆ ಹೋದರೆ ಸಂಜೆಯೊಳಗೆ ಅತ್ತೆಗೆ ಗೊತ್ತಾಗುತ್ತದೆ. ಆದ್ದರಿಂದ ಯಾರೂ ಯಾರನ್ನೂ ಕೇಳುವುದಿಲ್ಲ. ನಾಲ್ಕಾರು ತಿಂಗಳು ಹೇಗೋ ಕಳೆಯುತ್ತದೆ. ಒಂದು ತಿಂಗಳು ಮುಟ್ಟು ನಿಲ್ಲುತ್ತದೆ. ಆಗ ಗಂಡ ಹೊಸಪೇಟೆಗೆ ಹೋಗಿ, ಯಾವುದೋ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಗರ್ಭ ಇಳಿಸುವ ಮಾತ್ರೆ ತರುತ್ತಾನೆ.

ಇರುವೆಗೆ ನೋವಾಗದಂತೆ ನಡೆಯಬೇಕೆಂದು ಮಕ್ಕಳಿಗೆ ಕಲಿಸುವ ಮನೆಗಳಲ್ಲಿಯೂ ಇದು ನಡೆಯುತ್ತದೆ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಮಾತ್ರೆಯನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಮೇಲ್ವಿಚಾರಣೆ ಇಲ್ಲದೆ ನುಂಗಿದರೆ ಅತಿಯಾದ ರಕ್ತಸ್ರಾವದಿಂದ ತಾಯಿಯ ಜೀವಕ್ಕೂ ಅಪಾಯ. ಈ ಸ್ಥಿತಿ ಬಾರದಂತೆ ಮೊದಲೇ ನೋಡಿಕೊಳ್ಳುವ ದಾರಿಗಳಲ್ಲಿ ಕಾಪರ್-ಟಿ ಒಂದು. ಅದರ ಬಗ್ಗೆ ಜೈನ ಮನೆಗಳಲ್ಲಿ ಮೂರು ಸಂಶಯಗಳು ಸಾಮಾನ್ಯ. ಇದು ಹಿಂಸೆಯೇ? ಮುಟ್ಟು ಹೆಚ್ಚಾದರೆ ಬಸದಿ, ಅಡುಗೆಮನೆಯ ಗತಿಯೇನು? ಮುಂದೆ ಮಕ್ಕಳಾಗುತ್ತವೆಯೇ?

ವಂಕಿ ಎಂದರೆ ಏನು

ಹಳಬರು ಇದನ್ನು ವಂಕಿ ಅಥವಾ ಲೂಪು ಎನ್ನುತ್ತಾರೆ. ಇಂಗ್ಲಿಷಿನ ಟಿ ಅಕ್ಷರದ ಆಕಾರದ, ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ಮೆತ್ತನೆಯ ಪ್ಲಾಸ್ಟಿಕ್ ಸಾಧನ. ಅದರ ಕಾಂಡಕ್ಕೆ ತಾಮ್ರದ ತಂತಿ ಸುತ್ತಿರುತ್ತದೆ, ಎರಡು ತೋಳುಗಳ ಮೇಲೆ ತಾಮ್ರದ ಸಣ್ಣ ಪಟ್ಟಿ ಇರುತ್ತದೆ. ಎಕ್ಸ್-ರೇಯಲ್ಲಿ ಕಾಣಲೆಂದು ಪ್ಲಾಸ್ಟಿಕ್‌ನಲ್ಲಿ ಬೇರಿಯಂ ಸಲ್ಫೇಟ್ ಎಂಬ ಖನಿಜ ಲವಣ ಬೆರೆಸಿರುತ್ತಾರೆ. ಕೆಳಗೆ ಎರಡು ಸಣ್ಣ ದಾರ. ಇದರಲ್ಲಿ ಪ್ರಾಣಿಜನ್ಯ ವಸ್ತು ಇಲ್ಲ. ಕ್ಯಾಪ್ಸೂಲ್‌ಗಳ ಜೆಲಟಿನ್ ಬಗ್ಗೆ ವಿಚಾರಿಸುವ ಮನೆಗಳು ಈ ವಿಷಯದಲ್ಲಿ ನಿಶ್ಚಿಂತೆಯಿಂದಿರಬಹುದು.

ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡು ಬಗೆ ಸಿಗುತ್ತವೆ. 380-ಎ ಎಂಬುದು 10 ವರ್ಷಕ್ಕೆ, 375 ಎಂಬುದು 5 ವರ್ಷಕ್ಕೆ. ಎರಡೂ ಉಚಿತ. ಈ ಸಂಖ್ಯೆ ತಾಮ್ರದ ಮೇಲ್ಮೈ ಎಷ್ಟು ಚದರ ಮಿಲಿಮೀಟರ್ ಎಂಬುದರ ಲೆಕ್ಕ. ಹತ್ತು ವರ್ಷದ್ದು ಹಾಕಿಸಿಕೊಂಡರೆ ಹತ್ತು ವರ್ಷ ಇಟ್ಟುಕೊಳ್ಳಲೇಬೇಕು ಎಂದು ಅನೇಕರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಎರಡು ವರ್ಷಕ್ಕೆ ಬೇಡವೆನಿಸಿದರೆ ಆಗಲೇ ತೆಗೆಸಬಹುದು, ತೆಗೆಸಿದ ಮುಂದಿನ ತಿಂಗಳಿನಲ್ಲೇ ಗರ್ಭ ನಿಲ್ಲಬಹುದು. ನೂರು ಜನ ಹಾಕಿಸಿಕೊಂಡರೆ ಒಂದು ವರ್ಷದಲ್ಲಿ ಗರ್ಭ ಧರಿಸುವವರು ಒಬ್ಬರಿಗಿಂತ ಕಡಿಮೆ.

ಖಾಸಗಿ ಆಸ್ಪತ್ರೆಗಳಲ್ಲಿ ಹಾರ್ಮೋನ್ ಇರುವ ಇನ್ನೊಂದು ಬಗೆ ಸಿಗುತ್ತದೆ. ಅದರಲ್ಲಿ ತಾಮ್ರವಿಲ್ಲ, ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ. ಬೆಲೆ ಹೆಚ್ಚು. ಆದರೆ ಇದರಲ್ಲಿ ತಿಂಗಳ ಸ್ರಾವ ಬರಬರುತ್ತಾ ಕಡಿಮೆಯಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಮೊದಲೇ ಹೆಚ್ಚು ಸ್ರಾವದಿಂದ ಬಳಲುವವರಿಗೆ ವೈದ್ಯರು ಇದನ್ನೇ ಹೇಳುವುದುಂಟು.

ಅತ್ತೆಯವರ ಭಯಕ್ಕೆ ಕಾರಣವಿದೆ

ಸೊಸೆ ಕಾಪರ್-ಟಿ ಎಂದ ಕೂಡಲೇ ಹಿರಿಯರು ಹೆದರುತ್ತಾರೆ. ಅವರನ್ನು ಅಜ್ಞಾನಿಗಳು ಎಂದು ತಳ್ಳಿಹಾಕಬಾರದು. 1965ರಲ್ಲಿ ಕೇಂದ್ರ ಸರ್ಕಾರ ಲಿಪ್ಪೆಸ್ ಲೂಪ್ ಎಂಬ ಸಾಧನವನ್ನು ದೇಶದಾದ್ಯಂತ ತಂದಿತು. ಅದು ಬರೀ ಪ್ಲಾಸ್ಟಿಕ್, ತಾಮ್ರವಿರಲಿಲ್ಲ, ಹಾವಿನಂತೆ ಡೊಂಕು ಡೊಂಕಾಗಿತ್ತು. ಶಿಬಿರ ಮಾಡಿ, ಇಷ್ಟು ಜನಕ್ಕೆ ಹಾಕಬೇಕೆಂದು ಗುರಿ ಕೊಟ್ಟು ಹಾಕಿದರು. ರಕ್ತ ಹೋಗುತ್ತದೆ, ನೋವು ಬರುತ್ತದೆ ಎಂದು ಮೊದಲೇ ಹೇಳಲಿಲ್ಲ, ಹಾಕಿದ ಮೇಲೆ ವಿಚಾರಿಸಲೂ ಇಲ್ಲ. ಲೂಪು ಎದೆಗೆ ಏರುತ್ತದೆ ಎಂಬಂತಹ ಸುದ್ದಿಗಳು ಹಬ್ಬಿದ್ದು ಆಗ. ಒಂದೆರಡು ವರ್ಷದಲ್ಲೇ ಜನ ಅದನ್ನು ದೂರವಿಟ್ಟರು. ಸರಕು ಕೆಟ್ಟದ್ದಲ್ಲದಿದ್ದರೂ, ಕೊಡುವ ಕ್ರಮ ಕೆಟ್ಟರೆ ಗಿರಾಕಿ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಚಿಲಿ ದೇಶದ ವೈದ್ಯ ಹೈಮೆ ಸಿಪ್ಪರ್ ಅವರು ತಾಮ್ರದ ಗುಣವನ್ನು ಕಂಡುಹಿಡಿದದ್ದು, ಅಮೆರಿಕದ ಹೋವರ್ಡ್ ಟೇಟಮ್ ಅವರ ಟಿ ಆಕಾರಕ್ಕೆ ಅದನ್ನು ಸೇರಿಸಿದ್ದು 1960ರ ದಶಕದ ಕೊನೆಗೆ. ಇಂದಿನ ಸಾಧನ ಆ ಸಾಲಿನದು, ಹಳೆಯ ಲೂಪಿನದಲ್ಲ. ಗರ್ಭಕೋಶದೊಳಗೆ ಇಟ್ಟದ್ದು ಎದೆಗೆ ಹೋಗುವುದಿಲ್ಲ. ಹಾಕುವಾಗ ಗರ್ಭಕೋಶದ ಗೋಡೆಗೆ ತೂತಾಗುವ ಸಂಭವ ಸಾವಿರಕ್ಕೆ ಒಂದೆರಡು. ತರಬೇತಿ ಪಡೆದವರ ಕೈಯಲ್ಲೇ ಹಾಕಿಸಿಕೊಳ್ಳಬೇಕು ಎನ್ನುವುದು ಅದಕ್ಕಾಗಿ.

ಇದು ಹಿಂಸೆಯೇ

ತೀರ್ಥಂಕರರ ಪಂಚಕಲ್ಯಾಣಗಳಲ್ಲಿ ಮೊದಲನೆಯದು ಗರ್ಭ ಕಲ್ಯಾಣ. ಜನ್ಮಕ್ಕೂ ಮುಂಚೆ, ಗರ್ಭಕ್ಕೆ ಜೀವ ಬಂದ ಗಳಿಗೆಯನ್ನೇ ಪೂಜಿಸುವ ಪರಂಪರೆ ಇದು. ಆದ್ದರಿಂದ ಶ್ರಾವಕ-ಶ್ರಾವಿಕೆಯರು ಈ ಪ್ರಶ್ನೆ ಕೇಳುವುದು ಸಹಜವೂ ಹೌದು, ಸರಿಯೂ ಹೌದು. ವೈದ್ಯರು ಅದನ್ನು ನಕ್ಕು ತಳ್ಳಿಬಿಟ್ಟರೆ ಮತ್ತೊಬ್ಬ ವೈದ್ಯರನ್ನು ಕೇಳಬೇಕು.

ವೈದ್ಯಶಾಸ್ತ್ರ ಹೇಳುವುದು ಹೀಗೆ. ತಾಮ್ರದ ಅತಿ ಸೂಕ್ಷ್ಮ ಅಂಶ ಗರ್ಭಕೋಶದ ದ್ರವದಲ್ಲಿ ಸೇರುತ್ತದೆ. ಅದು ವೀರ್ಯಾಣುಗಳ ಚಲನೆಯನ್ನು ಕುಂದಿಸುತ್ತದೆ, ಅವು ಅಂಡಾಣುವನ್ನು ತಲುಪಿ ಕೂಡಲು ಆಗುವುದಿಲ್ಲ. ಅಂದರೆ ಕಾಪರ್-ಟಿಯ ಮುಖ್ಯ ಕೆಲಸ ಗರ್ಭ ಕಟ್ಟದಂತೆ ತಡೆಯುವುದೇ ಹೊರತು ಕಟ್ಟಿದ ಗರ್ಭವನ್ನು ಇಳಿಸುವುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯವೂ ಇದೇ. ಅಪರೂಪಕ್ಕೆ ಕೂಡಿಕೊಂಡ ಅಂಡವೊಂದು ಗರ್ಭಕೋಶದಲ್ಲಿ ನೆಲೆಯಾಗದೆ ಹೋಗುವ ಸಂಭವವನ್ನು ಮಾತ್ರ ಪೂರ್ತಿ ಅಲ್ಲಗಳೆಯಲಾಗದು. ಕಾಪರ್-ಟಿಯನ್ನು ಇನ್ನೊಂದು ರೀತಿಯಲ್ಲಿಯೂ ಬಳಸುತ್ತಾರೆ: ಯಾವ ರಕ್ಷಣೆಯೂ ಇಲ್ಲದೆ ಕೂಡಿದ 5 ದಿನಗಳೊಳಗೆ ತುರ್ತಾಗಿ ಹಾಕಿಸುವುದು. ಆಗ ಈ ಸಂಭವ ಹೆಚ್ಚು. ಗರ್ಭಾಂಕುರದ ಗಳಿಗೆಯಿಂದಲೇ ಜೀವವೆಂದು ನಂಬುವವರು ತುರ್ತಿನ ಆ ಬಳಕೆಯನ್ನು ಬಿಟ್ಟು, ಮುಟ್ಟಿನ ದಿನಗಳಲ್ಲಿ ಅಥವಾ ಅದು ಮುಗಿದ ತಕ್ಷಣ ಹಾಕಿಸಿಕೊಳ್ಳುವುದು ಒಳ್ಳೆಯದು.

ಶಾಸ್ತ್ರದ ಕಡೆಯಿಂದ ನೋಡಿದರೆ ಸಂಭೋಗದಲ್ಲಿಯೇ ಅಸಂಖ್ಯಾತ ಸಮ್ಮೂರ್ಛನ ಜೀವಗಳ ಘಾತವಿದೆ. ಕಾಪರ್-ಟಿ ಇರಲಿ, ಬಿಡಲಿ, ಅದು ತಪ್ಪಿದ್ದಲ್ಲ. ಬ್ರಹ್ಮಚರ್ಯಕ್ಕೆ ಮೇಲಿನ ಸ್ಥಾನ ಕೊಟ್ಟಿರುವುದಕ್ಕೆ ಅದೂ ಒಂದು ಕಾರಣ. ಗೃಹಸ್ಥನಿಗೆ ಹೇಳಿರುವುದು ಅಣುವ್ರತ, ಅವನು ಪೂರ್ತಿ ಬಿಡಬೇಕಾದದ್ದು ಸಂಕಲ್ಪಿ ಹಿಂಸೆ. ಹೊಟ್ಟೆಯಲ್ಲಿ ಬೆಳೆಯುತ್ತಿರುವ ಪಂಚೇಂದ್ರಿಯ ಜೀವವನ್ನು ತಿಳಿದೂ ತಿಳಿದೂ ತೆಗೆಸುವುದು ಸಂಕಲ್ಪಿ ಹಿಂಸೆಯಲ್ಲದೆ ಬೇರೇನೂ ಅಲ್ಲ. ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಯ ಮುನಿಗಳು ಗರ್ಭಪಾತವನ್ನು ನಿಷೇಧಿಸುತ್ತಾರೆ. ಕೃತಕ ವಿಧಾನಗಳನ್ನೇ ಒಪ್ಪದೆ ಸಂಯಮವೊಂದನ್ನೇ ಹೇಳುವ ಮುನಿಗಳೂ ಇದ್ದಾರೆ. ಅವರ ಬಳಿ ನಿಯಮ ಪಡೆದವರು ಅದರಂತೆಯೇ ನಡೆಯಬೇಕು. ಆದರೆ ನಿಯಮವನ್ನೂ ಪಡೆಯದೆ, ಯಾವ ವಿಧಾನವನ್ನೂ ಬಳಸದೆ, ಕೊನೆಗೆ ಮಾತ್ರೆಯ ಅಂಗಡಿಗೆ ಹೋಗುವುದಕ್ಕಿಂತ ಕಾಪರ್-ಟಿ ಎಷ್ಟೋ ಮೇಲು.

ಅಷ್ಟಮಿ, ಚತುರ್ದಶಿ, ಪರ್ವದ ದಿನಗಳಲ್ಲಿ ಬ್ರಹ್ಮಚರ್ಯ ಪಾಲಿಸುವ ದಂಪತಿಗಳಲ್ಲಿ ಕೆಲವರು ಅಷ್ಟೇ ಸಾಕು ಎಂದುಕೊಳ್ಳುತ್ತಾರೆ. ಸಾಲದು. ತಿಥಿ ನಡೆಯುವುದು ಚಂದ್ರನ ಲೆಕ್ಕದಲ್ಲಿ, ಹೆಣ್ಣಿನ ಅಂಡಾಣು ಬಿಡುಗಡೆಯಾಗುವುದು ಅವಳ ದೇಹದ ಲೆಕ್ಕದಲ್ಲಿ. ಎರಡೂ ಕೂಡಿಬರಬೇಕೆಂದಿಲ್ಲ. ದಿನ ಎಣಿಸುವ ವಿಧಾನವನ್ನು ನಮ್ಮ ರಾಜ್ಯದಲ್ಲಿಯೇ ಪರೀಕ್ಷಿಸಿದ್ದಾರೆ. 1952ರಲ್ಲಿ ಕೇಂದ್ರ ಸರ್ಕಾರ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ಆ ಪ್ರಯೋಗ ಮಾಡಿತು. ಯಾವ ದಿನ ಕೂಡಬಹುದು, ಯಾವ ದಿನ ಕೂಡದು ಎಂದು ತಿಳಿಯಲು ಹೆಂಗಸರಿಗೆ ಬಣ್ಣ ಬಣ್ಣದ ಮಣಿಸರ ಕೊಟ್ಟಿದ್ದರು. ಅದು ಹೆಚ್ಚು ಫಲ ಕೊಡಲಿಲ್ಲ.

ಈ ವಿಷಯದಲ್ಲಿ ರಾಜ್ಯದ ಇತಿಹಾಸ ಇನ್ನೂ ಹಿಂದಿನದು. ಮೈಸೂರು ಸಂಸ್ಥಾನ 1930ರಲ್ಲಿಯೇ ಸರ್ಕಾರದಿಂದ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೇ ನಡೆಸಿದ ಇಂತಹ ಚಿಕಿತ್ಸಾಲಯ ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿ, ಸಂಡೂರು ಘೋರ್ಪಡೆಯವರ ಸಂಸ್ಥಾನದಲ್ಲಿ ಇದ್ದವು. ಮೈಸೂರಿಗೆ ಸೇರಿದ್ದು 1953ರಲ್ಲಿ.

ಮುಟ್ಟು, ಬಸದಿ, ಅಡುಗೆಮನೆ

ಹೆಚ್ಚಿನ ಜೈನ ಮನೆಗಳಲ್ಲಿ ಕಾಪರ್-ಟಿ ತೆಗೆಸಲು ನಿಜವಾದ ಕಾರಣ ಇದು. ತಾಮ್ರದ ಸಾಧನ ಹಾಕಿಸಿದ ಮೊದಲ ಮೂರರಿಂದ ಆರು ತಿಂಗಳು ಸ್ರಾವ ಹೆಚ್ಚಾಗುತ್ತದೆ, ಹೆಚ್ಚು ದಿನ ಇರುತ್ತದೆ, ನಡುನಡುವೆ ಕಲೆ ಕಾಣಿಸುತ್ತದೆ, ಹೊಟ್ಟೆನೋವು ಇರುತ್ತದೆ. ನಾಲ್ಕು ದಿನ ಹೊರಗಿರುತ್ತಿದ್ದ ಸೊಸೆ ಏಳೆಂಟು ದಿನ ಹೊರಗಿರಬೇಕಾಗುತ್ತದೆ. ಬಸದಿಗೆ ಹೋಗುವಂತಿಲ್ಲ, ಒಲೆ ಮುಟ್ಟುವಂತಿಲ್ಲ, ಮುನಿಗಳಿಗೆ ಆಹಾರದಾನದ ಅವಕಾಶ ಬಂದರೆ ಚೌಕದಲ್ಲಿ ನಿಲ್ಲುವಂತಿಲ್ಲ. ಅತ್ತೆಗೆ ಒಬ್ಬರಿಗೇ ಕೆಲಸ. ಎರಡು ತಿಂಗಳು ಸಹಿಸಿ ಮೂರನೆಯ ತಿಂಗಳು ‘ಅದನ್ನು ತೆಗೆಸಿಬಿಡು’ ಎನ್ನುತ್ತಾರೆ. ದೇಹ ಇನ್ನೇನು ಹೊಂದಿಕೊಳ್ಳುವ ಹೊತ್ತಿಗೇ ತೆಗೆಸುವುದರಿಂದ ಅಲ್ಲಿಯವರೆಗೆ ಪಟ್ಟ ಕಷ್ಟವೆಲ್ಲ ವ್ಯರ್ಥ.

ಇದಕ್ಕೆ ಮೊದಲೇ ಯೋಚಿಸಿದರೆ ದಾರಿಯಿದೆ. ಹಾಕಿಸುವ ಕಾಲವನ್ನು ಆರಿಸಿಕೊಳ್ಳಬಹುದು. ಭಾದ್ರಪದದ ಪರ್ಯೂಷಣ, ದಶಲಕ್ಷಣ ಪರ್ವಕ್ಕೆ ಸ್ವಲ್ಪ ಮುಂಚೆ ಹಾಕಿಸುವ ಬದಲು ದೀಪಾವಳಿ ಕಳೆದ ಮೇಲೆ ಹಾಕಿಸಿದರೆ ಮುಂದಿನ ಪರ್ವದ ಹೊತ್ತಿಗೆ ಸ್ರಾವ ಒಂದು ಹದಕ್ಕೆ ಬಂದಿರುತ್ತದೆ. ಶ್ರವಣಬೆಳಗೊಳವೋ ಶಿಖರ್ಜಿಯೋ, ಯಾತ್ರೆ ಗೊತ್ತಾಗಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಡುವೆ ಕಾಣುವ ಕಲೆಯನ್ನು ಮುಟ್ಟು ಎಂದು ಎಣಿಸಬೇಕೇ ಎಂಬುದನ್ನು ತಮ್ಮ ಪರಂಪರೆಯ ಆರ್ಯಿಕಾ ಮಾತಾಜಿಯವರನ್ನೋ ಸಾಧ್ವಿಯವರನ್ನೋ ಸಂಕೋಚವಿಲ್ಲದೆ ಕೇಳಬಹುದು, ಏಕೆಂದರೆ ಆಚರಣೆ ಎಲ್ಲ ಕಡೆ ಒಂದೇ ಆಗಿಲ್ಲ. ನೋವು, ಸ್ರಾವ ಎರಡನ್ನೂ ತಗ್ಗಿಸುವ ಮಾತ್ರೆಗಳನ್ನು ವೈದ್ಯರು ಕೊಡುತ್ತಾರೆ. ಆರು ತಿಂಗಳಾದರೂ ಕಡಿಮೆಯಾಗದಿದ್ದರೆ, ಅಥವಾ ಅದಕ್ಕೂ ಮೊದಲೇ ಅವಳಿಗೆ ಸಹಿಸಲಾಗದಿದ್ದರೆ, ತೆಗೆಸುವುದೇ ಸರಿ. ಆ ಮಾತು ಹೇಳಬೇಕಾದವಳು ಅವಳು, ಅಡುಗೆಮನೆಯ ಕೆಲಸದ ಲೆಕ್ಕವಲ್ಲ.

ಸ್ರಾವದ ಜೊತೆಗೆ ರಕ್ತಹೀನತೆಯ ವಿಷಯ ಬರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತ ಕಡಿಮೆ. ಏಕಾಶನ, ಉಪವಾಸ ಮಾಡುವವರು, ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರು ಹೆಚ್ಚು ಎಚ್ಚರ ವಹಿಸಬೇಕು. ಕಾಪರ್-ಟಿ ಹಾಕಿಸುವ ಮುನ್ನ ಹಿಮೋಗ್ಲೋಬಿನ್ ನೋಡಿಸಲೇಬೇಕು. 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದೇ ಅರ್ಥ. 8ಕ್ಕಿಂತ ಕೆಳಗಿದ್ದರೆ ತೀವ್ರ, ಆಗ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಹೆಸರುಕಾಳು, ಹುರುಳಿ, ಅಲಸಂದೆ, ಎಳ್ಳು, ಸೊಪ್ಪು ತಿನ್ನುವ ದಿನಗಳಲ್ಲಿ ನುಗ್ಗೆ ಸೊಪ್ಪು, ಅದರ ಮೇಲೆ ನಿಂಬೆರಸ. ಊಟವಾದ ಕೂಡಲೇ ಚಹಾ ಕುಡಿದರೆ ತಿಂದ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಕಬ್ಬಿಣದ ಔಷಧ ಬೇಕಾದಾಗ ಕ್ಯಾಪ್ಸೂಲ್ ಬೇಡ, ಮಾತ್ರೆ ಕೊಡಿ ಎಂದರೆ ಕೊಡುತ್ತಾರೆ.

ವ್ರತ ಮಾಡುವವರಿಗೆ ಕಾಪರ್-ಟಿಯಿಂದ ಒಂದು ಅನುಕೂಲವೂ ಇದೆ. ಗರ್ಭನಿರೋಧಕ ಗುಳಿಗೆಯನ್ನು ದಿನವೂ ತಪ್ಪದೆ ನುಂಗಬೇಕು. ನೀರೂ ಮುಟ್ಟದ ಉಪವಾಸದ ದಿನ, ಅಠಾಯಿ ಮಾಡುವ ಎಂಟು ದಿನ, ಗುಳಿಗೆ ಹೇಗೆ ನುಂಗುವುದು? ಸೂರ್ಯಾಸ್ತದ ಮೇಲೆ ನೀರು ಬಿಟ್ಟವರಿಗೆ ರಾತ್ರಿಯ ಗುಳಿಗೆಯೂ ಆಗದು. ಎರಡು ಮೂರು ದಿನ ತಪ್ಪಿದರೆ ಗುಳಿಗೆ ಕೆಲಸ ಮಾಡುವುದಿಲ್ಲ. ಕಾಪರ್-ಟಿಗೆ ಊಟ ಉಪವಾಸದ ಹಂಗಿಲ್ಲ. ವಾರಕ್ಕೊಮ್ಮೆ ನುಂಗುವ ಛಾಯಾ ಗುಳಿಗೆ, ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತವೆ. ಕಾಪರ್-ಟಿ ಹೊಂದದವರು ಅವನ್ನು ವಿಚಾರಿಸಬಹುದು.

ಯಾರಿಗೆ ಬೇಡ, ಯಾವಾಗ ಹಾಕಿಸುವುದು

ಗರ್ಭಿಣಿಯಿರಬಹುದೆಂಬ ಸಂಶಯವಿದ್ದರೆ, ಕಾರಣ ಗೊತ್ತಿಲ್ಲದ ರಕ್ತಸ್ರಾವವಿದ್ದರೆ, ಕಿಬ್ಬೊಟ್ಟೆಯ ಸೋಂಕು ಅಥವಾ ದುರ್ವಾಸನೆಯ ಬಿಳಿಸ್ರಾವವಿದ್ದರೆ, ಗರ್ಭಕೋಶದ ಆಕಾರ ಕೆಡಿಸುವಷ್ಟು ಗಡ್ಡೆಯಿದ್ದರೆ, ಗರ್ಭಕೋಶದ ಅಥವಾ ಅದರ ಬಾಯಿಯ ಕ್ಯಾನ್ಸರ್ ಇದ್ದರೆ ಹಾಕುವಂತಿಲ್ಲ. ತಾಮ್ರ ಒಗ್ಗದವರಿಗೂ ಬೇಡ. ಮಧುಮೇಹ, ರಕ್ತದೊತ್ತಡ ಇರುವವರು, ಹಾಲುಣಿಸುವ ತಾಯಂದಿರು ಧಾರಾಳವಾಗಿ ಹಾಕಿಸಿಕೊಳ್ಳಬಹುದು; ತಾಮ್ರದಿಂದ ಹಾಲು ಕಡಿಮೆಯಾಗುವುದಿಲ್ಲ, ಮೈ ದಪ್ಪವಾಗುವುದಿಲ್ಲ.

ಹೆರಿಗೆಯಾದ 48 ಗಂಟೆಯೊಳಗೆ ಆಸ್ಪತ್ರೆಯಲ್ಲಿಯೇ ಹಾಕಿಸಬಹುದು, ಸಿಸೇರಿಯನ್ ಆದಾಗಲೂ ಆಗುತ್ತದೆ. ಆಗ ತಪ್ಪಿದರೆ ಆರು ವಾರ ಕಳೆಯಬೇಕು. ಹೆರಿಗೆಯ ಕೂಡಲೇ ಹಾಕಿದ್ದು ತಾನಾಗಿ ಜಾರಿ ಹೋಗುವ ಸಂಭವ ಸ್ವಲ್ಪ ಹೆಚ್ಚು. ಹೆರಿಗೆ ನೋವಿನ ನಡುವೆ ಸಹಿ ಹಾಕಿಸಿಕೊಂಡು ಹಾಕಿಬಿಟ್ಟರು ಎಂಬ ದೂರು ಕೆಲವೊಮ್ಮೆ ಕೇಳಿಬರುವುದರಿಂದ, ಬೇಕೋ ಬೇಡವೋ ಎಂಬುದನ್ನು ಏಳೆಂಟು ತಿಂಗಳಿರುವಾಗಲೇ ತೀರ್ಮಾನಿಸಿ ತಾಯಿ ಕಾರ್ಡಿನಲ್ಲಿ ಬರೆಸುವುದು ಕ್ಷೇಮ. ಒಪ್ಪಿಗೆ ಅವಳದೇ ಆಗಬೇಕು.

ದರೋಜಿ ಭಾಗದವರಿಗೆ ಒಂದು ಗೊಂದಲವಿದೆ. ತಾಲ್ಲೂಕು ಸಂಡೂರು, ಜಿಲ್ಲೆ ಬಳ್ಳಾರಿ, ಆದರೆ ಸಂತೆ ವ್ಯಾಪಾರಕ್ಕೆಲ್ಲ ಹೋಗುವ ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆ. ಕಾಪರ್-ಟಿಗೆ ಜಿಲ್ಲೆಯ ಗಡಿ ಅಡ್ಡಿಯಲ್ಲ. ಸಂಡೂರು ತಾಲ್ಲೂಕು ಆಸ್ಪತ್ರೆ, ಹೊಸಪೇಟೆಯ ಸರ್ಕಾರಿ ಆಸ್ಪತ್ರೆ, ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಎಲ್ಲಿ ಸಂಕೋಚ ಕಡಿಮೆಯೋ ಅಲ್ಲಿ ಹೋಗಬಹುದು. ಹಾಕುವ ಕೆಲಸ ಕೆಲವು ನಿಮಿಷದ್ದು, ಅರಿವಳಿಕೆ ಬೇಡ, ಸ್ವಲ್ಪ ಹೊತ್ತು ಮಲಗಿದ್ದು ಅದೇ ದಿನ ಮನೆಗೆ ಬರಬಹುದು.

ಜನಸಂಖ್ಯೆಯ ಮಾತೂ ಬರುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜೈನರು ಸುಮಾರು 4 ಲಕ್ಷ 40 ಸಾವಿರ. ಇರುವುದೇ ಇಷ್ಟು ಜನ, ಇನ್ನೂ ಕಡಿಮೆ ಮಾಡಿಕೊಳ್ಳುವುದೇ ಎಂದು ಸಭೆಗಳಲ್ಲಿ ಹಿರಿಯರು ಕೇಳುತ್ತಾರೆ. ಆ ಕಳವಳ ಸುಳ್ಳಲ್ಲ. ಆದರೆ ಕಾಪರ್-ಟಿ ಮಕ್ಕಳ ಸಂಖ್ಯೆಯನ್ನು ತೀರ್ಮಾನಿಸುವುದಿಲ್ಲ, ಕಾಲವನ್ನು ತೀರ್ಮಾನಿಸುತ್ತದೆ. ಬಾಗಿಲು ಮುಚ್ಚುವುದು ಆಪರೇಷನ್. ರಾಜ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ವಿವಾಹಿತ ಹೆಂಗಸರು ಆಪರೇಷನ್ ಆದವರೇ, ಅದೂ ಚಿಕ್ಕ ವಯಸ್ಸಿಗೇ. ಮೂರನೆಯದು ಬೇಕೆನಿಸಿದರೆ ಅವರಿಗೆ ಹಿಂದಿರುಗುವ ದಾರಿ ಬಹಳ ಕಷ್ಟ, ಕಾಪರ್-ಟಿ ಹಾಕಿಸಿದವರಿಗೆ ಅದು ತೆರೆದೇ ಇರುತ್ತದೆ. ಮಕ್ಕಳು ಸಾಕೆಂದು ಇಬ್ಬರೂ ನಿಶ್ಚಯಿಸಿದ ಮೇಲೆ ಗಂಡಸರ ಆಪರೇಷನ್ ಹೆಂಗಸರದಕ್ಕಿಂತ ಸಣ್ಣದು, ಸುಲಭದ್ದು ಎಂಬುದನ್ನೂ ಗಂಡಂದಿರು ತಿಳಿದಿರಲಿ.

ಹಾಕಿಸಿದ ದಿನ ಆಸ್ಪತ್ರೆಯಲ್ಲಿ ಒಂದು ಕಾರ್ಡು ಕೊಡುತ್ತಾರೆ. ಯಾವ ಬಗೆ, ಹಾಕಿದ ದಿನ, ತೆಗೆಸಬೇಕಾದ ವರ್ಷ ಅದರಲ್ಲಿರುತ್ತದೆ. ಜನ್ಮಪತ್ರಿಕೆ, ಆಧಾರ್ ಇಡುವ ಕಡೆಯೇ ಅದನ್ನೂ ಇಡಬೇಕು. ನಾಲ್ಕರಿಂದ ಆರು ವಾರದೊಳಗೆ ಒಮ್ಮೆ ತೋರಿಸಬೇಕು. ಮುಟ್ಟು ತಪ್ಪಿದರೆ, ಕಿಬ್ಬೊಟ್ಟೆ ತೀವ್ರವಾಗಿ ನೋಯುತ್ತಿದ್ದರೆ, ಜ್ವರವೋ ವಾಸನೆಯ ಸ್ರಾವವೋ ಬಂದರೆ, ದಾರ ಕೈಗೆ ಸಿಗದಿದ್ದರೆ ಅಥವಾ ಮೊದಲಿಗಿಂತ ಉದ್ದವಾಗಿದೆ ಎನಿಸಿದರೆ ಕಾಯದೆ ಅದೇ ದಿನ ಹೋಗಬೇಕು. ತೆಗೆಸಲು ಹೋದಾಗ ಸಿಬ್ಬಂದಿ ‘ಇನ್ನೂ ವರ್ಷ ಆಗಿಲ್ಲವಲ್ಲ’ ಎಂದು ವಾಪಸು ಕಳಿಸಿದರೆ, ವೈದ್ಯಾಧಿಕಾರಿಯನ್ನು ನೇರವಾಗಿ ಕಂಡು ಕೇಳಬಹುದು. ಕೇಳಿದಾಗ ತೆಗೆಯಬೇಕೆಂಬುದು ಸರ್ಕಾರದ್ದೇ ನಿಯಮ, ಅದಕ್ಕೂ ಹಣ ಕೊಡಬೇಕಾಗಿಲ್ಲ.